ವಿಸಿಆರ್ ಕೈಪಿಡಿಯ ಕೊನೆಯ ಪುಟ: ಒಂದು ವಿಮರ್ಶೆ

ನಿಮ್ಮ ಮನೆಯ ಅಟ್ಟದ ಮೇಲೋ ಕಾಲೇಜಿನ ಬೀರುವಿನಲ್ಲೋ ಒಂದು ಹಳೆಯ ವಿಸಿಆರ್ ಇರಬಹುದು. ಅದರ ಪಕ್ಕದಲ್ಲಿ ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳ ಕೆಲವು ಕ್ಯಾಸೆಟ್‌ಗಳೂ ಇರಬಹುದು. 1984ರಲ್ಲಿ ದೂರದರ್ಶನದಲ್ಲಿ ಆರಂಭವಾದ ಯುಜಿಸಿ ಪಾಠಗಳನ್ನು ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ಟೂ ಒಂದೆರಡು ಸಿಕ್ಕೀತು. ಇವುಗಳಲ್ಲಿ ಬಹುಪಾಲಿಗೆ ಎರಡನೆಯ ಪ್ರತಿ ಇಲ್ಲ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳೋಣವೆಂದು ಹೊರಟರೆ ಚಿತ್ರವೇ ಬರುವುದಿಲ್ಲ. ದುರಸ್ತಿ ಮಾಡುವವರು ಈಗ ಅಪರೂಪ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ ಕೂಡ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಹೀಗಿರುವಾಗ ನಮಗೆ ಉಳಿಯುವ ಆಸರೆ ಎಂದರೆ ಕೈಪಿಡಿಯ ಕೊನೆಯ ಪುಟ. 'ಸರ್ವಿಸ್‌ಗೆ ಕರೆಯುವ ಮುನ್ನ' ಎಂಬಂಥ ಶೀರ್ಷಿಕೆಯ ಕೆಳಗೆ ಎಡಕ್ಕೆ 'ತೊಂದರೆ', ಬಲಕ್ಕೆ 'ಪರಿಹಾರ' ಎಂದು ಎರಡು ಕಾಲಂಗಳ ಪಟ್ಟಿ ಅಲ್ಲಿರುತ್ತದೆ.

ಈ ಲೇಖನ ಆ ಪುಟದ ವಿಮರ್ಶೆ. ಯಾವುದೋ ಒಂದು ಸಂಸ್ಥೆಯ ಕೈಪಿಡಿ ನನ್ನ ಗುರಿಯಲ್ಲ. ನಾನು ನೋಡಿರುವ ಹಲವು ಕೈಪಿಡಿಗಳಲ್ಲಿ ಈ ಪುಟ ಹೆಚ್ಚುಕಡಿಮೆ ಒಂದೇ ಬಗೆಯದು.

ಮೊದಲು ಅದರ ಗುಣವನ್ನು ಹೇಳಬೇಕು. 'ಪ್ಲಗ್ ಹಾಕಿದೆಯೇ ನೋಡಿ' ಎಂಬ ಮೊದಲ ಸಾಲನ್ನು ಕಂಡು ನಗುವವರಿದ್ದಾರೆ. ಆದರೆ ಸುಲಭದ ಪರೀಕ್ಷೆಯನ್ನು ಮೊದಲು ಮಾಡುವುದು ಒಳ್ಳೆಯ ಪ್ರಯೋಗದ ಲಕ್ಷಣವೇ. ನನ್ನ ಆಕ್ಷೇಪವಿರುವುದು ಬೇರೆ ಕಡೆ. ಪಟ್ಟಿಯಲ್ಲಿ ಇರಬೇಕಾದ ಮೂರನೆಯ ಕಾಲಂ, ಅಂದರೆ 'ಕಾರಣ', ಅಲ್ಲಿ ಇಲ್ಲ. ಕಾರಣ ತಿಳಿಯದೆ ಪರಿಹಾರ ಮಾಡಹೊರಟವನು ಕತ್ತಲಲ್ಲಿ ತಡಕಾಡುತ್ತಾನೆ. ಇಲ್ಲಿ ತಡಕಾಟದ ಬೆಲೆ ಒಂದು ಕ್ಯಾಸೆಟ್ ಆಗಬಹುದು.

ಧ್ವನಿ ಇದೆ, ಚಿತ್ರವಿಲ್ಲ

ಪಟ್ಟಿಯ ಒಂದು ಸಾಲನ್ನು ತೆಗೆದುಕೊಳ್ಳಿ. 'ಚಿತ್ರದಲ್ಲಿ ಚುಕ್ಕೆಗಳು, ಧ್ವನಿ ಸರಿ – ಹೆಡ್ ಸ್ವಚ್ಛಗೊಳಿಸಿ.' ಸಲಹೆ ತಪ್ಪಲ್ಲ. ಆದರೆ ಧ್ವನಿ ಸರಿಯಿದ್ದು ಚಿತ್ರ ಮಾತ್ರ ಕೆಡುವುದೇಕೆ?

ವಿಎಚ್‌ಎಸ್ ಟೇಪು ನಿಧಾನವಾಗಿ, ಪ್ಯಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ಕೇವಲ 23.4 ಮಿಲಿಮೀಟರಿನಂತೆ ಚಲಿಸುತ್ತದೆ. ಚಿತ್ರದ ಸಂಕೇತಕ್ಕೆ ಈ ವೇಗ ಏನೇನೂ ಸಾಲದು. ಆದ್ದರಿಂದ ಹೆಡ್‌ಗಳನ್ನು 62 ಮಿಲಿಮೀಟರ್ ವ್ಯಾಸದ ಡ್ರಮ್ಮಿನ ಮೇಲೆ ಕೂರಿಸಿ, ಅದನ್ನು ಸೆಕೆಂಡಿಗೆ 25 ಸುತ್ತು ತಿರುಗಿಸುತ್ತಾರೆ. ಟೇಪು ಡ್ರಮ್ಮನ್ನು ಓರೆಯಾಗಿ ಬಳಸಿ ಹೋಗುತ್ತದೆ. ಆಗ ಹೆಡ್ಡಿಗೂ ಟೇಪಿಗೂ ನಡುವಿನ ವೇಗ ಸೆಕೆಂಡಿಗೆ ಸುಮಾರು 4.84 ಮೀಟರ್. ಚಿತ್ರದ ಅತ್ಯಂತ ಬೆಳಕಿನ ಭಾಗವನ್ನು 4.8 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಮುದ್ರಿಸಲಾಗುತ್ತದೆ. ವೇಗವನ್ನು ಆವೃತ್ತಿಯಿಂದ ಭಾಗಿಸಿ. ಟೇಪಿನ ಮೇಲಿನ ತರಂಗದೂರ ಸುಮಾರು 1 ಮೈಕ್ರೋಮೀಟರ್ ಎಂದು ಬರುತ್ತದೆ.

ಹೆಡ್ಡಿಗೂ ಟೇಪಿಗೂ ನಡುವೆ ಅಂತರ ಉಂಟಾದರೆ ಸಂಕೇತ ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ವ್ಯಾಲೇಸ್ 1951ರಲ್ಲಿ ಕೊಟ್ಟ ಸೂತ್ರವಿದೆ. ಅಂತರವನ್ನು ತರಂಗದೂರದಿಂದ ಭಾಗಿಸಿ 54.6ರಿಂದ ಗುಣಿಸಿದರೆ ನಷ್ಟ ಡೆಸಿಬೆಲ್‌ನಲ್ಲಿ ಸಿಗುತ್ತದೆ. ಅರ್ಧ ಮೈಕ್ರೋಮೀಟರ್ ಕೊಳೆ ಅಂಟಿದರೆ ನಷ್ಟ 27 ಡೆಸಿಬೆಲ್. ಅಂದರೆ ವೋಲ್ಟೇಜು ಇಪ್ಪತ್ತಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣದ ಕೊಳೆ ಚಿತ್ರವನ್ನು ನುಂಗುವುದು ಹೀಗೆ. ಸಾಮಾನ್ಯ ಯಂತ್ರದಲ್ಲಿ ಧ್ವನಿಯನ್ನು ಓದುವುದು ಬೇರೊಂದು ಸ್ಥಿರ ಹೆಡ್. ಅಲ್ಲಿ 1000 ಹರ್ಟ್ಸ್ ಸ್ವರದ ತರಂಗದೂರ 23.4 ಮೈಕ್ರೋಮೀಟರ್. ಅಷ್ಟೇ ಕೊಳೆ ಅದಕ್ಕೂ ಅಂಟಿದರೂ ವೋಲ್ಟೇಜು ಸುಮಾರು ಎಂಟನೇ ಒಂದು ಭಾಗ ಮಾತ್ರ ಕಡಿಮೆಯಾಗುತ್ತದೆ.

ಈ ಲೆಕ್ಕ ಪದವಿಪೂರ್ವ ವಿದ್ಯಾರ್ಥಿಯ ಕೈಗೆ ನಿಲುಕುವಂಥದು. ಕೈಪಿಡಿ ಇದರ ಸುಳಿವು ಕೊಟ್ಟಿದ್ದರೂ ಸಾಕಿತ್ತು. 'ಧ್ವನಿ ಸರಿ' ಎಂಬ ಎರಡು ಪದಗಳೇ ಮುಖ್ಯ ಸಾಕ್ಷ್ಯವೆಂದು ಓದುಗನಿಗೆ ಹೊಳೆಯುತ್ತಿತ್ತು.

ಟ್ರ್ಯಾಕಿಂಗ್ ಎಂಬ ಸರ್ವರೋಗ ಮದ್ದು

ಚಿತ್ರಕ್ಕೆ ಸಂಬಂಧಿಸಿದ ಅರ್ಧಕ್ಕರ್ಧ ಸಾಲುಗಳ ಎದುರು 'ಟ್ರ್ಯಾಕಿಂಗ್ ಹೊಂದಿಸಿ' ಎಂದಿರುತ್ತದೆ. ಟೇಪಿನ ಮೇಲಿನ ಒಂದೊಂದು ಓರೆಗೆರೆಯ ಅಗಲ 49 ಮೈಕ್ರೋಮೀಟರ್. ಹೆಡ್ ಆ ಗೆರೆಯ ಮೇಲೆಯೇ ಸಾಗುವಂತೆ ನೋಡಿಕೊಳ್ಳಲು ಟೇಪಿನ ಅಂಚಿನಲ್ಲಿ ಸೆಕೆಂಡಿಗೆ 25ರಂತೆ ಕಂಟ್ರೋಲ್ ಸ್ಪಂದಗಳನ್ನು ಮುದ್ರಿಸಿರುತ್ತಾರೆ. ಟ್ರ್ಯಾಕಿಂಗ್ ಗುಂಡಿ ಮಾಡುವುದು ಇಷ್ಟೇ. ಈ ಸ್ಪಂದಕ್ಕೂ ಹೆಡ್ಡಿನ ಸ್ಥಾನಕ್ಕೂ ನಡುವಿನ ಕಾಲಾಂತರವನ್ನು ತುಸು ಹಿಂದೆಮುಂದೆ ಸರಿಸುತ್ತದೆ. ಬೇರೆ ಯಂತ್ರದಲ್ಲಿ ಮುದ್ರಿಸಿದ ಕ್ಯಾಸೆಟ್ಟಿಗೆ ಇದು ನಿಜವಾದ ಪರಿಹಾರ. ಆದರೆ ಚುಕ್ಕೆಗಳ ಅಡ್ಡಪಟ್ಟಿ ಎಲ್ಲ ಕ್ಯಾಸೆಟ್ಟುಗಳಲ್ಲೂ ಪರದೆಯ ಒಂದೇ ಎತ್ತರದಲ್ಲಿ ನಿಂತಿದ್ದು, ಗುಂಡಿ ತಿರುಗಿಸಿದರೂ ಹೋಗದಿದ್ದರೆ, ಟೇಪನ್ನು ನಡೆಸುವ ಗೂಟಗಳ ಎತ್ತರ ತಪ್ಪಿರುವ ಸಂಭವ ಹೆಚ್ಚು. ಒಂದೇ ಕ್ಯಾಸೆಟ್ಟಿನಲ್ಲೋ ಎಲ್ಲದರಲ್ಲೋ ಎಂಬ ಪ್ರಶ್ನೆಯನ್ನು ಪಟ್ಟಿ ಕೇಳುವುದೇ ಇಲ್ಲ.

ಅಮೆರಿಕದ ಬಂಧುಗಳು ಕಳಿಸಿದ ಕ್ಯಾಸೆಟ್ಟಿನಲ್ಲಿ ಚಿತ್ರ ಉರುಳುತ್ತಿದ್ದರೆ ಟ್ರ್ಯಾಕಿಂಗೂ ಬೇಡ, ಸ್ವಚ್ಛತೆಯೂ ಬೇಡ. ಅಲ್ಲಿಯದು 525 ಗೆರೆ, 60 ಫೀಲ್ಡ್‌ಗಳ ಎನ್‌ಟಿಎಸ್‌ಸಿ ಪದ್ಧತಿ. ನಮ್ಮದು 625 ಗೆರೆ, 50 ಫೀಲ್ಡ್‌ಗಳ ಪ್ಯಾಲ್. ಎರಡೂ ಪದ್ಧತಿಗಳನ್ನು ಓದಬಲ್ಲ ಯಂತ್ರವೇ ಬೇಕು.

ಸಂಪರ್ಕದ ತಕರಾರುಗಳು

ತಂತಿಗಳ ವಿಷಯದಲ್ಲಿ ಕೈಪಿಡಿಯ ಚಿತ್ರಗಳು ಸ್ಪಷ್ಟವಾಗಿವೆ. ಆದರೆ ಅವು ಆ ಕಾಲದ ಟಿ.ವಿ.ಗೆ ಬರೆದವು. ಇಂದಿನ ಹಲವು ಟಿ.ವಿ.ಗಳಲ್ಲಿ ಹಳದಿ ಮತ್ತು ಹಸಿರು ತಂತಿಗಳಿಗೆ ಒಂದೇ ಕಿಂಡಿ. ಹಳದಿ ತಂತಿ ಹಾಕಿಯೂ ಮೆನುವಿನಲ್ಲಿ 'ಕಾಂಪೊನೆಂಟ್' ಆರಿಸಿದರೆ ಚಿತ್ರ ಕಪ್ಪುಬಿಳುಪಾಗಿ ಬರುತ್ತದೆ. ಇದು ವಿಸಿಆರ್‌ನ ದೋಷವಲ್ಲ. ಎಚ್‌ಡಿಎಂಐ ಕಿಂಡಿ ಮಾತ್ರ ಇರುವ ಟಿ.ವಿ.ಗೆ ಬರೀ ತಂತಿ ಸಾಲದು, ವಿದ್ಯುತ್ ಪೂರೈಕೆಯುಳ್ಳ ಪರಿವರ್ತಕ ಬೇಕು. ಅದೂ ಎವಿಯಿಂದ ಎಚ್‌ಡಿಎಂಐಗೆ ಪರಿವರ್ತಿಸುವಂಥದು. ತಿರುಗುಮುರುಗಿನದನ್ನು ಕೊಂಡು ತಂದರೆ ಚಿತ್ರ ಬಾರದು.

ಇನ್ನೊಂದು ತಪ್ಪು ಸಾಮಾನ್ಯ. ಟಿ.ವಿ.ಯಲ್ಲಿ ನೋಡುತ್ತಲೇ ಕಂಪ್ಯೂಟರಿಗೂ ಇಳಿಸೋಣವೆಂದು ಒಂದೇ ಔಟ್‌ಪುಟ್ಟನ್ನು ಕವಲು ತಂತಿಯಿಂದ ಇಬ್ಬಾಗ ಮಾಡುವುದು. ವಿಡಿಯೊ ಔಟ್‌ಪುಟ್ಟಿನ ಆಂತರಿಕ ರೋಧ 75 ಓಮ್, ಟಿ.ವಿ.ಯ ಇನ್‌ಪುಟ್ ರೋಧವೂ 75 ಓಮ್. ಹೀಗಾಗಿ 2 ವೋಲ್ಟ್ ಆಕರದಿಂದ ಟಿ.ವಿ.ಗೆ 1 ವೋಲ್ಟ್ ಸಿಗುತ್ತದೆ. ಸಮಾಂತರವಾಗಿ ಇನ್ನೊಂದು 75 ಓಮ್ ಸೇರಿಸಿದರೆ ಹೊರೆ 37.5 ಓಮ್ ಆಗಿ, ಸಿಗುವುದು 0.67 ವೋಲ್ಟ್ ಮಾತ್ರ. ಚಿತ್ರ ಮಂಕಾಗುತ್ತದೆ, ಕೆಲವೊಮ್ಮೆ ನಿಲ್ಲದೆ ಅಲುಗಾಡುತ್ತದೆ. ಟೇಪು ಹಾಳಾಗಿದೆ ಎಂದುಕೊಳ್ಳುವವರಿಗೆ ಓಮನ ನಿಯಮವೇ ಉತ್ತರ.

ಚಿತ್ರದ ತಳದಲ್ಲಿ ಕಾಣುವ ಹರಿದಂಥ ಕೆಲವು ಗೆರೆಗಳೂ ದೋಷವಲ್ಲ. ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾವಣೆಯಾಗುವ ಜಾಗ ಅದು. ಹಳೆಯ ಟಿ.ವಿ.ಯ ಚೌಕಟ್ಟು ಅದನ್ನು ಮರೆಮಾಡುತ್ತಿತ್ತು. ಕಂಪ್ಯೂಟರಿಗೆ ಇಳಿಸಿದಾಗ ಅದು ಬಯಲಾಗುತ್ತದೆ.

ಪಟ್ಟಿ ಹೇಳದೆ ಬಿಟ್ಟದ್ದು

ಇನ್ನು ದೊಡ್ಡ ಲೋಪ. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಬೀರುವಿನಲ್ಲಿದ್ದ ಕ್ಯಾಸೆಟ್ಟೊಂದನ್ನು ಯಂತ್ರಕ್ಕೆ ಹಾಕಿದೆ. ಚುಕ್ಕೆಗಳು ಬಂದವು. ಕೈಪಿಡಿ ಹೇಳಿದಂತೆ ಕ್ಲೀನಿಂಗ್ ಕ್ಯಾಸೆಟ್ ಓಡಿಸಿದೆ. ಒಂದು ನಿಮಿಷ ಚಿತ್ರ ಬಂದು ಮತ್ತೆ ಹೋಯಿತು. ಹೀಗೆ ಮೂರು ಸಲ ಆಯಿತು. ದೋಷ ಆ ಕ್ಯಾಸೆಟ್ಟಿನದೇ ಇರಬೇಕೆಂದು, ನಿವೃತ್ತರಾದ ಹಿರಿಯರೊಬ್ಬರ ಉಪನ್ಯಾಸದ ಏಕೈಕ ಪ್ರತಿಯನ್ನು ಹಾಕಿ ನೋಡಿದೆ. ಟೇಪು ಡ್ರಮ್ಮಿಗೆ ಅಂಟಿ ಸುಕ್ಕಾಯಿತು. ಮೊದಲ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಟಕಿಯಲ್ಲಿ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಕಂಡಿತು. ಅದು ಬೂಷ್ಟು. ಪಟ್ಟಿಯಲ್ಲಿ 'ಮೊದಲು ಕ್ಯಾಸೆಟ್ ನೋಡಿ' ಎಂಬ ಮೂರು ಪದಗಳಿರಲಿಲ್ಲ. ತಪ್ಪು ನನ್ನದೂ ಹೌದು. ತರಗತಿಯಲ್ಲಿ ಕಾರಣ ಕೇಳಿ ಎಂದು ಹೇಳುವ ನಾನು ಪಟ್ಟಿಯ ಮುಂದೆ ಅದನ್ನು ಕೇಳಲಿಲ್ಲ.

ಮಲೆನಾಡು ಮತ್ತು ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್ಟುಗಳಲ್ಲಿ ಬೂಷ್ಟು ಸಾಮಾನ್ಯ. ಅಂಥ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಲೇಬಾರದು. ಹಾಕಿದರೆ ಆ ಕೊಳೆ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಒಣ ಕ್ಲೀನಿಂಗ್ ಕ್ಯಾಸೆಟ್ ಹೆಡ್ಡನ್ನು ಉಜ್ಜಿ ಸವೆಸುತ್ತದೆ, ಪದೇಪದೇ ಬಳಸಬಾರದು. ಪ್ಲಗ್ ಕಿತ್ತು, ಶಾಮಿ ಚರ್ಮದ ತುಂಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಡ್ರಮ್ಮಿಗೆ ಮೆಲ್ಲಗೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಿಂದ ತಿರುಗಿಸುವುದು ಲೇಸು. ಚರ್ಮವನ್ನು ಮೇಲೆಕೆಳಗೆ ಉಜ್ಜಿದರೆ ಹೆಡ್ ಮುರಿಯಬಹುದು. ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಹತ್ತಿ ಬೇಡ.

ಹಾಗಾದರೆ ಆ ಪುಟ ಹೇಗಿರಬೇಕಿತ್ತು? ನಾಲ್ಕು ಪ್ರಶ್ನೆಗಳು ಸಾಕು. ಕ್ಯಾಸೆಟ್ ಶುಚಿಯಾಗಿದೆಯೇ? ಹೋದರೂ ಚಿಂತೆಯಿಲ್ಲದ ಇನ್ನೊಂದು ಕ್ಯಾಸೆಟ್ಟಿನಲ್ಲೂ ಇದೇ ತೊಂದರೆಯೇ? ವಿಸಿಆರ್‌ನ ಮೆನು ಅಥವಾ ಗಡಿಯಾರ ಟಿ.ವಿ.ಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆಯೇ? ಧ್ವನಿ ಸರಿಯಿದೆಯೇ? ಮೆನು ಸ್ಪಷ್ಟವಾಗಿ ಕಂಡರೆ ತಂತಿ, ಟಿ.ವಿ. ಎರಡೂ ನಿರ್ದೋಷಿ, ಹುಡುಕಾಟ ಅರ್ಧಕ್ಕೆ ಇಳಿಯಿತು. ಒಂದೊಂದು ಪ್ರಶ್ನೆಯೂ ಸಂಕೇತದ ಹಾದಿಯನ್ನು ತುಂಡರಿಸಿ ದೋಷವನ್ನು ಒಂದು ಬದಿಗೆ ಒತ್ತರಿಸುತ್ತದೆ. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ, ಉಳಿದುದನ್ನು ಹಾಗೆಯೇ ಇಡಬೇಕು.

ಅಧ್ಯಾಪಕ ಮಿತ್ರರೇ, ಕೆಟ್ಟ ವಿಸಿಆರ್ ಒಂದು ನಿಮ್ಮ ಕಾಲೇಜಿನಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ವಿದ್ಯಾರ್ಥಿಗಳ ಮುಂದಿಡಿ. ಕೈಪಿಡಿಯ ಪುಟವನ್ನೂ ಕೊಡಿ. ಆ ಪಟ್ಟಿಯ ಪಕ್ಕದಲ್ಲಿ ಮೂರನೆಯ ಕಾಲಂ ಗೆರೆ ಎಳೆದು, ಅದನ್ನು ತುಂಬುವುದು ಅವರ ಕೆಲಸವಾಗಲಿ.