ಡೊಳ್ಳುಹೊಟ್ಟೆಗೆ ಆಯುಷ್ಯ ಜಾಸ್ತಿಯೇ?

ಹೃದಯದ ಬಡಿತ ತಾಳ ತಪ್ಪಿದವರಲ್ಲಿ ದಪ್ಪಗಿರುವವರೇ ಹೆಚ್ಚು ಬದುಕುತ್ತಾರೆ ಎಂಬ ಲೇಖನವೊಂದು 2016ರಲ್ಲಿ ‘ಯುರೋಪಿಯನ್ ಹಾರ್ಟ್ ಜರ್ನಲ್’ನಲ್ಲಿ ಬಂತು. ಯಾರೋ ಬಾಯಿಗೆ ಬಂದಂತೆ ಹೇಳಿದ್ದಲ್ಲ. ‘ಅರಿಸ್ಟಾಟಲ್’ ಎಂಬ ದೊಡ್ಡ ಔಷಧ ಪ್ರಯೋಗಕ್ಕೆ ಸೇರಿದ್ದ 17,913 ರೋಗಿಗಳ ಲೆಕ್ಕ ಹಿಡಿದು ಹೇಳಿದ್ದು. ವಯಸ್ಸು, ಬೇರೆ ಕಾಯಿಲೆ ಇವನ್ನೆಲ್ಲ ಸರಿದೂಗಿಸಿ ನೋಡಿದ ಮೇಲೂ, ತೂಕ ‘ಸರಿಯಾಗಿ’ ಇದ್ದವರಿಗಿಂತ ಸ್ಥೂಲಕಾಯದವರಲ್ಲಿ ಸಾವಿನ ಅಪಾಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚೇ ಕಡಿಮೆಯಿತ್ತು. ವೈದ್ಯಲೋಕ ಇದನ್ನು ‘ಬೊಜ್ಜಿನ ವಿರೋಧಾಭಾಸ’ ಎಂದು ಕರೆಯುತ್ತದೆ. ಇಂಥ ಸುದ್ದಿ ವಾಟ್ಸಾಪಿಗೆ ಬಿದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಮದುವೆ ಪಂಕ್ತಿಯಲ್ಲಿ ಕೂತ ಮಾವಂದಿರು ಹೊಟ್ಟೆ ಸವರಿಕೊಂಡು ಇನ್ನೆರಡು ಹೋಳಿಗೆ ಹಾಕಿಸಿಕೊಳ್ಳುತ್ತಾರೆ.

ಈ ಲೇಖನದ ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಹೊಸೂರಿನ ಪಕ್ಕದ ಸಾನಮಾವಿನಂಥ ಊರಿಗೆ ತಂದು ಓದಿದರೆ ಯಾರನ್ನು ಎಣಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂಬುದು ಎದ್ದು ಕಾಣುತ್ತದೆ.

ಮೊದಲು ಕಾಯಿಲೆ. ಏಟ್ರಿಯಲ್ ಫಿಬ್ರಿಲೇಶನ್ ಅಥವಾ ಎಎಫ್ ಬಂದಾಗ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ಅದುರುತ್ತವೆ. ನಾಡಿ ಒಮ್ಮೆ ಓಡುತ್ತದೆ, ಒಮ್ಮೆ ತಡೆಯುತ್ತದೆ. ‘ಎದೆ ಡಬಡಬ ಅಂತದೆ, ಕಾಲು ಸೋಲ್ತದೆ’ ಎನ್ನುತ್ತಾರೆ. ಎಷ್ಟೋ ಮಂದಿಗೆ ಅದೂ ಗೊತ್ತಾಗುವುದಿಲ್ಲ. ಅದುರುವ ಕೋಣೆಯಲ್ಲಿ ರಕ್ತ ನಿಂತು ಗಡ್ಡೆ ಕಟ್ಟಿ ಮೆದುಳಿಗೆ ಹಾರಿದರೆ ಲಕ್ವ. ಮೈಯ ಕೊಬ್ಬಿಗೂ ಇದಕ್ಕೂ ನೇರ ನಂಟಿದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 2004ರಲ್ಲೇ ತೋರಿಸಿದಂತೆ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಒಂದೊಂದು ಅಂಕ ಏರಿದಾಗಲೂ ಎಎಫ್ ಬರುವ ಅಪಾಯ ಸುಮಾರು ಶೇ. 4ರಷ್ಟು ಏರುತ್ತದೆ. ಹೃದಯದ ಮೇಲ್ಮೈಯಲ್ಲಿ ಕೂತ ಕೊಬ್ಬು, ಬಿಪಿ, ಶುಗರ್, ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುವುದು ಎಲ್ಲ ಸೇರಿ ಆ ಕೋಣೆಯನ್ನು ಹಿಗ್ಗಿಸಿ ಗಾಯಮಾಡುತ್ತವೆ.

ಹಾಗಾದರೆ ಕಾಯಿಲೆ ತರುವ ಕೊಬ್ಬೇ ಕಾಯಿಲೆ ಬಂದ ಮೇಲೆ ಕಾಪಾಡುತ್ತದೆಯೇ? ಸಂತೆಗೆ ನಡೆದು ಬಂದವರನ್ನಷ್ಟೇ ಎಣಿಸಿ ಊರಿನವರ ಕಾಲು ಗಟ್ಟಿ ಎಂದಂತೆ ಇದು. ದಪ್ಪಗಿದ್ದವರಿಗೆ ಎಎಫ್ ಬರಲು ಅವರ ದಪ್ಪವೇ ಸಾಕು, ಅದೂ ಚಿಕ್ಕ ವಯಸ್ಸಿಗೇ. ಸಣಕಲಾದವರಿಗೆ ಬಂದಿದೆ ಎಂದರೆ ಹಿಂದೆ ಬೇರೇನೋ ಇರುವ ಸಾಧ್ಯತೆ ಹೆಚ್ಚು: ಸವೆದ ಹೃದಯ, ಶ್ವಾಸಕೋಶದ ಹಳೆ ರೋಗ, ಥೈರಾಯ್ಡ್, ಪತ್ತೆಯಾಗದ ಕ್ಯಾನ್ಸರ್ ಗಡ್ಡೆ, ಇಲ್ಲವೇ ಬರೀ ಮುಪ್ಪು. ಅವರನ್ನು ಕೊಲ್ಲುವುದು ಅವರ ತೆಳುವಲ್ಲ, ತೆಳುವಾಗಿಸಿದ ಕಾಯಿಲೆ. ಮೇಲಾಗಿ ಅರಿಸ್ಟಾಟಲ್ ಲೆಕ್ಕ ರೋಗಿಗಳನ್ನು ಹಿಂಬಾಲಿಸಿದ್ದು ಎರಡು ವರ್ಷಕ್ಕೂ ಕಡಿಮೆ. ಬೊಜ್ಜು ಅಷ್ಟು ಅವಸರದಲ್ಲಿ ಲೆಕ್ಕ ಚುಕ್ತಾ ಮಾಡುವ ಸಾಲಗಾರನಲ್ಲ.

ನನ್ನ ದೊಡ್ಡ ತಕರಾರು ಬೇರೆ. ಅರಿಸ್ಟಾಟಲ್ ಪ್ರಯೋಗ ಮೈಟ್ರಲ್ ವಾಲ್ವು ಹೆಚ್ಚು ಕಿರಿದಾದವರನ್ನು ಸೇರಿಸಿಕೊಂಡೇ ಇರಲಿಲ್ಲ. ನಮ್ಮ ಕಡೆಯ ಬಡವರ ಮನೆಯ ಎಎಫ್ ಎಷ್ಟೋ ಸಲ ಅದೇ. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲುಜ್ವರ, ಇಪ್ಪತ್ತು ಮೂವತ್ತು ವರ್ಷದ ಮೇಲೆ ವಾಲ್ವು ಕಿರಿದು. ಬೆಂಗಳೂರಿನ ಜಯದೇವ ಆಸ್ಪತ್ರೆ ಬಲೂನ್ ಹಾಕಿ ವಾಲ್ವು ಬಿಡಿಸುವುದರಲ್ಲಿ ಹೆಸರು ಮಾಡಿದ್ದು ಇಂಥವರಿಂದಲೇ. 2022ರಲ್ಲಿ ಪ್ರಕಟವಾದ ‘ಇನ್ವಿಕ್ಟಸ್’ ಪ್ರಯೋಗ 24 ದೇಶಗಳಿಂದ ಈ ಬಗೆಯ ನಾಲ್ಕೂವರೆ ಸಾವಿರ ರೋಗಿಗಳನ್ನು ಕೂಡಿಸಿತು. ಸರಾಸರಿ ವಯಸ್ಸು ಐವತ್ತರ ಆಸುಪಾಸು, ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ಗಡ್ಡೆ ಕಟ್ಟದಂತೆ ತಡೆಯುವ ರಿವರಾಕ್ಸಬಾನ್ ಎಂಬ ಹೊಸ ದುಬಾರಿ ಮಾತ್ರೆಗಿಂತ ಹಳೆಯ ವಾರ್ಫರಿನ್ ಜಾತಿಯ ಮಾತ್ರೆ ತಿಂದವರಲ್ಲೇ ಸಾವು ಕಡಿಮೆ ಎಂದು ಅದರಿಂದ ಗೊತ್ತಾಯಿತು. ಬೊಜ್ಜಿನ ಚರ್ಚೆಯಲ್ಲಿ ಈ ಹೆಂಗಸರ ಹೆಸರೇ ಇಲ್ಲ.

ಸಾನಮಾವು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕಾಡಂಚಿನ ಊರು. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ ಹಿಂಡು ಹೊಲಕ್ಕಿಳಿಯುವ, ಕನ್ನಡ, ತೆಲುಗು, ತಮಿಳು ಒಂದೇ ಜಗಲಿಯಲ್ಲಿ ಕೇಳುವ ಸೀಮೆ. ಪಕ್ಕದಲ್ಲೇ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಲಯದ ಕಾರ್ಖಾನೆಗಳು. ಇಂಥ ಕಡೆ ಒಂದೇ ಮನೆಯಲ್ಲಿ ಎರಡು ಬಗೆಯ ಮೈ ಇರಬಹುದು: ಶಿಫ್ಟು ಮುಗಿಸಿ ಪರೋಟ ತಿಂದು ಮಲಗುವ, ಬೆಲ್ಟಿನ ಮೇಲೆ ಹೊಟ್ಟೆ ಬಂದ ಮಗ; ಕಳೆ ಕಿತ್ತು ಕಿತ್ತು ಒಣಗಿದ ತಾಯಿ. ‘ತೂಕ ಇಳಿಸಿ’ ಎಂಬ ಒಂದೇ ಮಾತು ಇಬ್ಬರಿಗೂ ಸಲ್ಲುವುದಿಲ್ಲ. ‘ಮೈಕೈ ತುಂಬ್ಕೊಂಡವರಿಗೆ ಏನೂ ಆಗಲ್ಲ’ ಎಂಬುದೂ ಅಷ್ಟೇ.

ಮಗನ ವಿಷಯದಲ್ಲಿ ಒಳ್ಳೆಯ ಪುರಾವೆಯಿದೆ. ಆಸ್ಟ್ರೇಲಿಯಾದ ಅಡಿಲೇಡ್‌ನ ವೈದ್ಯರು 2013ರಲ್ಲಿ 150 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಚೆನ್ನಾಗಿ ತೂಕ ಇಳಿಸಿದ ಗುಂಪಿನಲ್ಲಿ ಎಎಫ್ ಕಾಟ ಕಡಿಮೆಯಾಯಿತು. ಅವರದೇ 2015ರ ‘ಲೆಗಸಿ’ ಅಧ್ಯಯನದಲ್ಲಿ ಐದು ವರ್ಷದ ಕೊನೆಗೆ, ಮೈತೂಕದ ಶೇ. 10 ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ. 45ರಷ್ಟು ಮಂದಿ ತಾಳದ ಮಾತ್ರೆಯೂ ಇಲ್ಲದೆ, ಹೃದಯದೊಳಗೆ ಸುಡುವ ‘ಅಬ್ಲೇಶನ್’ ಚಿಕಿತ್ಸೆ ಕೂಡ ಇಲ್ಲದೆ ಎಎಫ್‌ನಿಂದ ದೂರವಿದ್ದರು; ಶೇ. 3ಕ್ಕಿಂತ ಕಡಿಮೆ ಇಳಿಸಿದವರಲ್ಲಿ ಅದು ಶೇ. 13. ಇಳಿಸಿ ಮತ್ತೆ ಏರಿಸಿಕೊಂಡವರಿಗೆ ಲಾಭದ ಒಂದು ಪಾಲು ಕರಗಿತು. ಹಿಗ್ಗಿಲ್ಲದೆ ಓದಿದರೆ ಒಂದು ಕೊರತೆ ಕಾಣುತ್ತದೆ: ಲೆಗಸಿಯಲ್ಲಿ ಗುಂಪು ಮಾಡಿದ್ದು ಚೀಟಿ ಎತ್ತಿ ಅಲ್ಲ. ಶಿಸ್ತಿನಿಂದ ತೂಕ ಇಳಿಸುವವರು ಬಿಪಿ ಮಾತ್ರೆಯನ್ನೂ ತಪ್ಪಿಸುವುದಿಲ್ಲ, ಕುಡಿತವನ್ನೂ ಕಡಿಮೆ ಮಾಡುತ್ತಾರೆ. ಪುಣ್ಯವೆಲ್ಲ ತಕ್ಕಡಿಗೇ ಸೇರಬೇಕೆಂದಿಲ್ಲ. ಅಡಿಲೇಡಿನಲ್ಲಿ ಪದೇ ಪದೇ ಕರೆದು ತೂಗಿ ಮಾತಾಡಿಸುವ ಕ್ಲಿನಿಕ್ ಇತ್ತು. ನಮ್ಮಲ್ಲಿ ಆ ಜಾಗಕ್ಕೆ 2025ರ ಮಾರ್ಚಿನಿಂದ ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ಬಂದು ಕೂತಿದೆ, ದುಡ್ಡಿದ್ದವರಿಗೆ.

ಬಿಎಂಐ ನಮ್ಮ ಮೈಗೆ ಸರಿಹೊಂದುವ ಅಳತೆಯೂ ಅಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅಕ್ಕಪಕ್ಕ ನಿಂತ ತಮ್ಮದೇ ಫೋಟೊ ಅಚ್ಚುಹಾಕಿಸಿದರು. ಇಬ್ಬರ ಬಿಎಂಐ 22.3. ಮೈಕೊಬ್ಬು ಮಾತ್ರ ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2. ಪುಟಗಟ್ಟಲೆ ಅಂಕಿಅಂಶಕ್ಕಿಂತ ಆ ಒಂದು ಚಿತ್ರ ಹೆಚ್ಚು ಹೇಳಿತು. ಮೈಕೊಬ್ಬಿನ ಇಂಥ ವ್ಯತ್ಯಾಸದಿಂದಲೇ ಭಾರತೀಯರಿಗೆ ಬೊಜ್ಜಿನ ಗೆರೆಯನ್ನು 30ರಿಂದ 25ಕ್ಕೆ ಇಳಿಸಿದ್ದು, ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಬಾರದು ಎಂದದ್ದು. ಟೇಪು ಹಿಡಿಯುವ ಪದ್ಧತಿ ಇನ್ನೂ ದರ್ಜಿ ಅಂಗಡಿ ಬಿಟ್ಟು ಹೆಚ್ಚು ದೂರ ಬಂದಿಲ್ಲ.

ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಶುರುವಾದದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, 2021ರ ಆಗಸ್ಟ್ 5ರಂದು. ಬಿಪಿ, ಶುಗರ್ ಮಾತ್ರೆಯನ್ನು ಮನೆ ಬಾಗಿಲಿಗೇ ತಂದುಕೊಡುವ ಈ ಕೆಲಸಕ್ಕೆ 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು, ನ್ಯಾಯವಾಗಿಯೇ ಬಂತು. ಬಿಪಿ ಹಿಡಿತದಲ್ಲಿದ್ದರೆ ಎಎಫ್ ಕೂಡ ಕಡಿಮೆ, ಲಕ್ವವೂ ಕಡಿಮೆ. ಆದರೂ ಯೋಜನೆಯ ಮುಖ್ಯ ಗಮನ ಬಿಪಿ ಮತ್ತು ಶುಗರ್ ಮೇಲೆ. ನಾಡಿಗೆ ಆ ಮರ್ಯಾದೆ ಸಿಕ್ಕಿಲ್ಲ. ಹಲವು ಡಿಜಿಟಲ್ ಬಿಪಿ ಯಂತ್ರಗಳು ಬಡಿತ ಏರುಪೇರಾದರೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಹೃದಯದ ಗುರುತು ಮಿನುಗಿಸುತ್ತವೆ. ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಬರೆದುಕೊಂಡು ಪಟ್ಟಿ ಬಿಚ್ಚುವ ಅವಸರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಗುಜರಾತಿನ ಆಣಂದ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಮೊಬೈಲ್ ಇಸಿಜಿ ಹಿಡಿದು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ, ಶೇ. 1.6ರಷ್ಟು ಮಂದಿಯಲ್ಲಿ ಎಎಫ್ ಪತ್ತೆ ಮಾಡಿದ್ದಾರೆ. ಮಣಿಕಟ್ಟಿನ ಮೇಲೆ ಅರ್ಧ ನಿಮಿಷ ಬೆರಳಿಡಲು ಆ ಮೊಬೈಲೂ ಬೇಡ.

ಇನ್ನು ಆ ಒಣಗಿದ ತಾಯಿಯ ತೂಕ. ಅದನ್ನು ಬರೆದುಕೊಳ್ಳಬೇಕಾದದ್ದು ಬುದ್ಧಿ ಹೇಳಲಿಕ್ಕಲ್ಲ, ಮಾತ್ರೆ ಅಳೆಯಲಿಕ್ಕೆ. ವಾಲ್ವು ಸರಿಯಿದ್ದು ಎಎಫ್ ಬಂದ ಎಪ್ಪತ್ತು ವರ್ಷದ ಇಬ್ಬರು ಹೆಂಗಸರು ಇದ್ದಾರೆನ್ನಿ. ಇಬ್ಬರ ಕ್ರಿಯಾಟಿನಿನ್ 1. ಒಬ್ಬರು 80 ಕೆ.ಜಿ., ಇನ್ನೊಬ್ಬರು 45. ಕಿಡ್ನಿ ಸೋಸುವ ಶಕ್ತಿಯನ್ನು ಲೆಕ್ಕ ಕಟ್ಟುವ ವಾಡಿಕೆಯ ಸೂತ್ರದಲ್ಲಿ 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಿ, ಹೆಂಗಸಾದರೆ 0.85ರಿಂದ ಗುಣಿಸುತ್ತಾರೆ. ಮೊದಲನೆಯವರಿಗೆ 66 ಬರುತ್ತದೆ, ಎರಡನೆಯವರಿಗೆ 37. ಈ ಅಂಕಿ 50ರ ಮೇಲಿದ್ದರೆ ರಿವರಾಕ್ಸಬಾನ್ 20 ಮಿಲಿಗ್ರಾಂ, ಕೆಳಗಾದರೆ 15. ಲ್ಯಾಬಿನ ಚೀಟಿ ಇಬ್ಬರಿಗೂ ‘ನಾರ್ಮಲ್’ ಎಂದೇ ಹೇಳಿರುತ್ತದೆ. ತೂಗದೆ ಬರೆದರೆ ಒಣಕಲು ಅಜ್ಜಿಗೆ ಹೆಚ್ಚಿನ ಡೋಸು ಹೋಗಿ ಒಸಡಿನಿಂದಲೋ ಕರುಳಿನಿಂದಲೋ ರಕ್ತ ಬರಬಹುದು. ಆಗ ಮನೆಯವರು ಮಾತ್ರೆಯನ್ನೇ ನಿಲ್ಲಿಸುತ್ತಾರೆ, ಲಕ್ವ ಹೊಡೆಯುತ್ತದೆ. ‘ತೆಳ್ಳಗಿದ್ದವರು ಬೇಗ ಸಾಯುತ್ತಾರೆ’ ಎಂಬ ಲೆಕ್ಕದೊಳಗೆ ಇಂಥ ಸಾವುಗಳೂ ಸೇರಿರಬಹುದು.

ವಾಲ್ವಿನ ರೋಗಿಗಳದು ಇನ್ನೊಂದು ಪಾಡು. ಅವರು ತಿನ್ನುವ ವಾರ್ಫರಿನ್ ಜಾತಿಯ ಅಸಿಟ್ರೋಂಗೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ಅಡ್ಡ ಬರುತ್ತದೆ, ಹಾಗಾಗಿ ‘ಸೊಪ್ಪು ಮುಟ್ಟಬೇಡಿ’ ಎಂದು ಹೇಳಿ ಕಳಿಸುವುದು ವಾಡಿಕೆಯಾಗಿದೆ. ರಾಗಿಮುದ್ದೆಯ ಮನೆಯಲ್ಲಿ ಬಸ್ಸಾರು, ಮಸ್ಸೊಪ್ಪು ತೆಗೆದರೆ ತಟ್ಟೆಯಲ್ಲಿ ಉಳಿಯುವುದೇನು? ಮೊದಲೇ ನಲವತ್ತೈದು ಕಿಲೋ ಇದ್ದವರು ಹುಣಸೆನೀರು ನಂಚಿಕೊಂಡು ನಲವತ್ತೆರಡಾಗುತ್ತಾರೆ. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿಂದರೆ ಸಾಕು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಹೇಳುವ ಐಎನ್‌ಆರ್ ನೋಡಿ ಡೋಸನ್ನು ಅದಕ್ಕೆ ಹೊಂದಿಸಬಹುದು. ಹಾಗೆ ಹೊಂದಿಸಬೇಕಾದರೆ ಐಎನ್‌ಆರ್ ಪರೀಕ್ಷೆ ಊರಿನ ಹತ್ತಿರವೇ ಸಿಗಬೇಕು. ಅದಕ್ಕಾಗಿ ಬೊಮ್ಮಸಂದ್ರದ ಆಸ್ಪತ್ರೆಗೋ ಜಯದೇವಕ್ಕೋ ಬಸ್ಸು ಹತ್ತಬೇಕಾದವರು ತಿಂಗಳಿಗೊಮ್ಮೆ ಹೋಗಬೇಕಾದ ಕಡೆ ವರ್ಷಕ್ಕೆರಡು ಸಲ ಹೋಗುತ್ತಾರೆ, ಒಂದು ದಿನದ ಕೂಲಿ ಬಿಟ್ಟು.