ಕಿಕ್ಕರ್ ತುಳಿಯುವವನ ಕಾಲು

ಹಳೆಯ ಬುಲೆಟ್ ಸ್ಟಾರ್ಟ್ ಮಾಡುವುದಕ್ಕೆ ಒಂದು ಕ್ರಮವಿದೆ. ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಾಯಬೇಕು. ಆಮೇಲೆ ಡಿಕಂಪ್ರೆಸರ್ ಹಿಡಿದು ಇನ್ನಷ್ಟು ಒತ್ತಿ, ಬಿಟ್ಟು, ಮೈಭಾರವೆಲ್ಲ ಹಾಕಿ ತುಳಿಯಬೇಕು. ಲೆಕ್ಕ ತಪ್ಪಿತೋ, ಕಿಕ್ಕರ್ ತಿರುಗಿ ಹೊಡೆದು ಕಣಕಾಲು ಊದಿಕೊಳ್ಳುತ್ತದೆ. ನಮ್ಮ ಚಿತ್ರದುರ್ಗ, ಹಿರಿಯೂರು ಕಡೆ ಈ ವಿದ್ಯೆ ಬಲ್ಲವನಿಗೆ ಒಂದು ಮರ್ಯಾದೆಯಿತ್ತು. ಗಾಡಿಯ ಕೊರತೆಯೇ ಸವಾರನ ಹೆಚ್ಚುಗಾರಿಕೆಯಾಗಿಬಿಟ್ಟಿತ್ತು. ಆ ಗಾಡಿಯನ್ನು ಹೆತ್ತ ಬ್ರಿಟಿಷ್ ಉದ್ಯಮವೂ ಹೀಗೇ ಯೋಚಿಸಿತು, ಅದರಿಂದಲೇ ಬಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಜಪಾನಿನವರು ಅಗ್ಗದ ಮಾಲು ಸುರಿದು ಕೊಂದರು ಎಂಬ ಮಾತನ್ನು ನಾನು ಒಪ್ಪಲಾರೆ.

ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿಗೆ ಡಾಲರ್ ಬೇಕಿತ್ತು, ಅಮೆರಿಕದವರು ಗಾಡಿ ಕೊಳ್ಳುತ್ತಿದ್ದರು. ಮಾಡಿದ್ದೆಲ್ಲ ಮಾರಾಟವಾಗುವಾಗ ಹೊಸ ಯಂತ್ರಕ್ಕೆ ದುಡ್ಡು ಹಾಕುವವರು ಯಾರು? 1951ರಲ್ಲಿ ಟ್ರಯಂಫ್ ಕಂಪನಿಯನ್ನೂ ಕೊಂಡ ಬಿಎಸ್‌ಎ ಜಗತ್ತಿನಲ್ಲೇ ಅತಿ ದೊಡ್ಡ ಮೋಟರ್‌ಸೈಕಲ್ ಕಂಪನಿಯಾಗಿತ್ತು. ಆದರೂ ಯುದ್ಧಕ್ಕೆ ಮೊದಲಿನ ವಿನ್ಯಾಸಗಳಲ್ಲೇ ಕಾಲ ಹಾಕಿತು. ಎಂಜಿನ್ ಕೇಸನ್ನು ಲಂಬವಾಗಿ ಎರಡು ಹೋಳು ಮಾಡಿ ಕೂಡಿಸುತ್ತಿದ್ದರಿಂದ ಜೋಡಣೆಯ ಗೆರೆಯಲ್ಲಿ ಆಯಿಲ್ ಸೋರುತ್ತಿತ್ತು. ಹೋಂಡಾ ಅಡ್ಡಲಾಗಿ ಸೀಳಿ ಆ ತಾಪತ್ರಯ ತಪ್ಪಿಸಿತು. ಟ್ರಯಂಫ್‌ನ ಎಡ್ವರ್ಡ್ ಟರ್ನರ್ 1960ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ಕಂಡು ಬಂದಿದ್ದರು. ಅಂದರೆ ಗೊತ್ತಿಲ್ಲದೆ ಕೆಟ್ಟವರಲ್ಲ. ಜಪಾನಿನ ಚಿಕ್ಕ ಗಾಡಿಯಲ್ಲಿ ಕಲಿತವರು ದೊಡ್ಡದಕ್ಕೆ ನಮ್ಮಲ್ಲಿಗೇ ಬರುತ್ತಾರೆಂದು ನಂಬಿ ಕೂತರು. 1969ರಲ್ಲಿ ಹೋಂಡಾದ 750 ಸಿಸಿ ಗಾಡಿ ನಾಲ್ಕು ಸಿಲಿಂಡರ್, ಸೆಲ್ಫ್ ಸ್ಟಾರ್ಟ್, ಮುಂದೆ ಡಿಸ್ಕ್ ಬ್ರೇಕಿನೊಂದಿಗೆ ಬಂತು. ಟ್ರಯಂಫ್‌ನ ಮೂರು ಸಿಲಿಂಡರಿನ ಟ್ರೈಡೆಂಟ್ ಇನ್ನೂ ಸವಾರನ ಕಾಲನ್ನೇ ನಂಬಿತ್ತು. 1973ರಲ್ಲಿ ಟ್ರಯಂಫ್‌ನ ಮೆರಿಡೆನ್ ಕಾರ್ಖಾನೆ ಮುಚ್ಚುತ್ತೇವೆಂದಾಗ ಕಾರ್ಮಿಕರು ಗೇಟು ಹಿಡಿದು ನಿಂತರು. ಮುಂದೆ ಸಹಕಾರಿ ಸಂಘ ಕಟ್ಟಿ 1983ರ ತನಕ ನಡೆಸಿದರು. ಅವರ ಛಲಕ್ಕೆ ನನ್ನ ಮನಸ್ಸು ಕರಗುತ್ತದೆ, ಆದರೆ ಅವರ ಕೈಗೆ ಬಂದದ್ದು ಹಳೆಯ ಬೊನೆವಿಲ್ ಗಾಡಿಯೇ.

ಬುಲೆಟ್ ಮಾತ್ರ ಹೇಗೆ ಉಳಿಯಿತು? 1955ರಲ್ಲಿ ಮದ್ರಾಸಿಗೆ ಬಂದ ಅದಕ್ಕೆ ಸೈನ್ಯ, ಪೊಲೀಸು ಗಿರಾಕಿಗಳಾದರು. ಲೈಸೆನ್ಸ್ ಕಾಲದಲ್ಲಿ ಪೈಪೋಟಿಯೂ ಕಡಿಮೆ. ಇಂಗ್ಲೆಂಡಿನ ತಾಯಿ ಕಂಪನಿ 1970ಕ್ಕೆ ಮುಗಿದುಹೋದರೂ ಮಗುವಿಗೆ ಬಿಸಿ ತಟ್ಟಲಿಲ್ಲ. ಇದನ್ನು ಗಾಡಿಯ ಗೆಲುವೆಂದು ಬರೆದುಕೊಳ್ಳುವುದು ಸರಿಯಲ್ಲ.

ನಮ್ಮದೇ ನಾಡಿನ ಮೈಸೂರಿನಲ್ಲಿ ಇದೇ ಕಥೆ ಮತ್ತೆ ನಡೆಯಿತು. ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದ ಜಾವಾ, ಆಮೇಲಿನ ಯೆಜ್ಡಿ ಎರಡೂ ಗಟ್ಟಿ ಗಾಡಿಗಳೇ. ಹೊಸದುರ್ಗ, ಹೊಳಲ್ಕೆರೆಯ ತೋಟದ ದಾರಿಯಲ್ಲಿ ತೆಂಗಿನಕಾಯಿ ಮೂಟೆ ಹೇರಿದರೂ ಚಾಸಿ ಜಗ್ಗದು. ಗೇರ್ ಲಿವರನ್ನೇ ಒಳಗೊತ್ತಿ ತಿರುಗಿಸಿದರೆ ಕಿಕ್ಕರ್ ಆಗುತ್ತಿದ್ದ ಆ ಜಾಣ್ಮೆ ಇವತ್ತಿಗೂ ನನಗೆ ಅಚ್ಚುಮೆಚ್ಚು. ಆದರೆ ಪ್ರತಿ ಸಲ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹೊಗೆ ಕುಡಿಯಬೇಕು. 1985ರಲ್ಲಿ ಲೀಟರಿಗೆ 80 ಕಿಲೋಮೀಟರ್ ಎನ್ನುತ್ತ ಫೋರ್ ಸ್ಟ್ರೋಕ್ ಹೀರೊ ಹೋಂಡಾ ಬಂದಾಗಲೂ ಮೈಸೂರಿನವರು ಟ್ಯಾಂಕು, ಹ್ಯಾಂಡಲ್ ಬದಲಿಸಿದರೇ ಹೊರತು ಎಂಜಿನ್ನಿನ ಮೂಲಕ್ಕೆ ಕೈ ಹಾಕಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಮಿಕರ ತಕರಾರು, ಹೊಗೆಯ ಕಾನೂನು ಎರಡೂ ಕಾರಣವೆನ್ನುತ್ತಾರೆ, ಇರಬಹುದು; ಗಿರಾಕಿ ಅದಕ್ಕೂ ಮುಂಚೆಯೇ ಎದ್ದುಹೋಗಿದ್ದ.

ಈಗ ಬಿಎಸ್‌ಎ, ಯೆಜ್ಡಿ ಎರಡೂ ಹೆಸರು ಒಂದೇ ಭಾರತೀಯ ಕಂಪನಿಯ ಕೈಯಲ್ಲಿವೆ. ಬಿಎಸ್‌ಎಯ ಹೊಸ ಗೋಲ್ಡ್ ಸ್ಟಾರ್ ಗುಂಡಿ ಒತ್ತಿದರೆ ಹೊರಡುತ್ತದೆ, ಅಷ್ಟರಮಟ್ಟಿಗೆ ಪಾಠ ಕಲಿತಿದ್ದಾರೆ. ಆದರೆ ಅದು ಹವ್ಯಾಸಿಗಳ ಗಾಡಿ. ನಮ್ಮ ಕಡೆ ಹೊಲದಿಂದ ಈರುಳ್ಳಿ ಚೀಲ ಹೊರುವುದು ಟಿವಿಎಸ್ ಎಕ್ಸೆಲ್. ಬ್ರಿಟಿಷರು ಕೈಬಿಟ್ಟ ಚಿಕ್ಕ ಗಾಡಿಯ ಗಿರಾಕಿಯನ್ನು ಬಿಡದೆ ಹಿಡಿದುಕೊಂಡ ಆ ಟಿವಿಎಸ್ಸೇ 2020ರಲ್ಲಿ ಬ್ರಿಟನ್ನಿನ ನಾರ್ಟನ್ ಕಂಪನಿಯನ್ನು ಕೊಂಡಿತು.