ಸೊಕ್ಕಿಳಿದ ಅಡಿಕೆಯ ಸವಿ

ಹಸಿ ಅಡಿಕೆಯ ಹೋಳನ್ನು ಮೊದಲ ಸಲ ಬಾಯಿಗೆ ಹಾಕಿಕೊಂಡವರಿಗೆ ಕಿವಿ ಬಿಸಿಯಾಗುತ್ತದೆ, ಹಣೆ ಬೆವರುತ್ತದೆ, ಎದೆ ಡವಗುಟ್ಟುತ್ತದೆ, ತಲೆ ಗಿರ್ರೆನ್ನುತ್ತದೆ. ‘ಅಡಿಕೆ ಸೊಕ್ಕಿತು’ ಎನ್ನುತ್ತಾರೆ ಮಲೆನಾಡಿನ ತೋಟದವರು. ಕೆಲವು ಕಾಯಿಯ ಗುಣವೇ ಹಾಗೆ, ಅದು ಸೊಕ್ಕಡಿಕೆ.

ಈ ಸೊಕ್ಕಿನ ಮೂಲ ಅರೆಕೋಲಿನ್ ಎಂಬ ಸಸ್ಯಕ್ಷಾರ. ತಂಬಾಕಿನ ನಿಕೋಟಿನ್‌ನಂತೆ ಇದೂ ನೇರ ನರಮಂಡಲದ ಮೇಲೆ ಕೆಲಸ ಮಾಡುತ್ತದೆ. ತೈವಾನಿನಲ್ಲಿ ಎಳೆಯ ಹಸಿರು ಕಾಯನ್ನೇ ಜಗಿಯುತ್ತಾರೆ. ಮೇಘಾಲಯದ ಚಳಿಗೆ ‘ಕ್ವಾಯ್’ ಎಂದು ಕರೆಯುವ ಅಡಿಕೆ ಮೈ ಬಿಸಿ ಮಾಡುತ್ತದೆ. ಅಲ್ಲಿ ಸೊಕ್ಕೇ ಸುಖ.

ನಾರ್ವೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ರುಚಿ ಬೇರೆ. ಇಲ್ಲಿ ಅಡಿಕೆಯನ್ನು ಬೇಯಿಸುತ್ತಾರೆ. ಕೊನೆಗಾರ ಇಳಿಸಿದ ಹಸಿರು ಗೊನೆಗಳು ಅಂಗಳ ಸೇರಿದ ಸಂಜೆಯೇ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುವುದು, ಸುಲಿದದ್ದು ಹಂಡೆಗೆ. ಕುದಿಯುವ ನೀರಿಗೆ ಹಿಂದಿನ ಬೇಯಿಸುವಿಕೆಯಲ್ಲಿ ಉಳಿದ ಚೊಗರು ಬೆರೆಸುತ್ತಾರೆ. ಅಡಿಕೆಯ ಒಗರು, ಸೊಕ್ಕು ಬಹುಪಾಲು ನೀರಿಗಿಳಿಯುತ್ತದೆ. ಚೊಗರಿನ ಕೆಂಪು ಅಡಿಕೆಗೇರುತ್ತದೆ. ಆಮೇಲೆ ಬಿಸಿಲು. ಕರಾವಳಿಯ ಚಾಲಿಗೆ ಈ ಹಂಡೆಯೇ ಇಲ್ಲ: ಹಣ್ಣಡಿಕೆಯನ್ನು ಸಿಪ್ಪೆಸಮೇತ ಸುಮಾರು 40 ದಿನ ಒಣಗಿಸಿ ಸುಲಿಯುತ್ತಾರೆ.

ಬೇಯಿಸಿದ ಅಡಿಕೆಯಲ್ಲಿ ರಸಿಕರು ಕೇಳುವುದು ಹಸ. ತೀರ ಎಳೆಗಾಯಿಯಿಂದಾದ ಇದಕ್ಕೇ ಮಂಡಿಯಲ್ಲಿ ಸರಕು ಎನ್ನುವುದು; ಬೆಲೆಯೂ ಎಲ್ಲಕ್ಕಿಂತ ಮೇಲು. ನಂತರ ಬೆಟ್ಟೆ, ರಾಶಿ ಇಡಿ. ಕೊನೆಗೆ ಬಲಿತ ಕಾಯಿಯ ಗೊರಬಲು. ಒಳ್ಳೆಯ ಹಸ ಅಡಕತ್ತರಿಗೆ ಪುಡಿಯಾಗದೆ ತೆಳ್ಳಗೆ ಸೀಳುತ್ತದೆ, ಹೊಳೆಯುತ್ತದೆ. ಬಾಯಲ್ಲಿ ಮೊದಲು ಒಗರು, ಜಗಿದಂತೆ ಸಣ್ಣ ಸಿಹಿ. ನಾರು ತೆಗೆದ ಎಳೆ ವೀಳ್ಯದೆಲೆ, ಉಗುರಿನ ತುದಿಯಷ್ಟು ಸುಣ್ಣ ಸಾಕು. ಹೊಗೆಸೊಪ್ಪು ಸೇರಿತೋ, ಹಸದ ರುಚಿ ಅಲ್ಲಿಗೆ ಮುಗಿಯಿತು.

ರುಚಿ ಬಲ್ಲವರು ಅಪಾಯವನ್ನೂ ತಿಳಿದಿರಬೇಕು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ದಿನವಿಡೀ ಜಗಿಯುವವರ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದ ಕಾಯಿಲೆಗೂ ಅಡಿಕೆಯೇ ಕಾರಣ. ಬೇಯಿಸಿದರೆ ಸೊಕ್ಕು ಇಳಿಯುತ್ತದೆಯೇ ಹೊರತು ಈ ಅಪಾಯ ಪೂರ್ತಿ ಹೋಗುವುದಿಲ್ಲ. ಹಬ್ಬದೂಟದ ಮೇಲೊಂದು ಕವಳಕ್ಕೂ ಗಳಿಗೆಗೊಮ್ಮೆ ಹರಿಯುವ ಗುಟ್ಕಾ ಪೊಟ್ಟಣಕ್ಕೂ ಇರುವ ಅಂತರ ದೊಡ್ಡದು.

ಬೆಳೆಗಾರರ ಪಾಡೂ ಸುಲಭವಲ್ಲ. ಮಳೆಗಾಲದ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವಿದೆ. ಶೃಂಗೇರಿ, ಕೊಪ್ಪ ಸೀಮೆಯ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗಕ್ಕೆ ಅಂಥ ಔಷಧವಿಲ್ಲ. ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ.

ಹಸ ಬೇಕಾದರೆ ಕಾಯಿ ಬಲಿಯುವ ಮುಂಚೆಯೇ ಮರಕ್ಕೆ ಆಳು ಹತ್ತಿಸಬೇಕು. ಕೊನೆಗಾರರೇ ಸಿಗದ ಈ ಕಾಲದಲ್ಲಿ ಹೆಚ್ಚಿನವರು ಇಡಿಗೇ ಕಾಯುತ್ತಾರೆ. ಆದ್ದರಿಂದ ಹಸ ಬಯಸುವವರು ಕೊಯ್ಲಿಗೆ ಮೊದಲೇ ತೋಟದವರಿಗೆ ಹೇಳಿಟ್ಟು, ಆ ಕೂಲಿಯೂ ಗಿಟ್ಟುವಂಥ ಬೆಲೆ ಕೊಡಬೇಕಾಗಿದೆ.